ಎಳ್ಳಿಲ್ಲದ ಗಾಣ

ಆಟವೆಂಬುದು ಮಕ್ಕಳ ಸೊತ್ತು, ಅದರ ವಿಚಾರದಲ್ಲಿ ಹಿರಿಯರಿಗೇನು ಕೆಲಸವೆಂದು ಭಾವಿಸುವವರು ಬಹು ಮಂದಿ. ನಾವು ಹಾಗೆ ಭಾವಿಸುವುದಿಲ್ಲ. ಒಂದು ಕಾಲದ ಜನರು ಎಂತಹ ಆಟಗಳನ್ನು ಕಟ್ಟುತ್ತಾರೆ, ಅವುಗಳಲ್ಲಿ ಗೆಲುವಿಗೆ ಎಷ್ಟು ಬೆಲೆ, ಸೋಲಿಗೆ ಎಷ್ಟು ಬೆಲೆ ಎಂದು ಗೊತ್ತುಮಾಡುತ್ತಾರೆ ಎಂಬುದನ್ನು ಪರಿಶೀಲಿಸಿದರೆ ಆ ಕಾಲದ ಮನಸ್ಸೇ ನಮ್ಮ ಕಣ್ಣಿಗೆ ಗೋಚರಿಸುತ್ತದೆ. ಆದ ಕಾರಣ ಆತ್ಮೀಯ ವಾಚಕರೇ, ಈ ಸಂಚಿಕೆಯಲ್ಲಿ ನಾವು ಒಂದು ವಿಡಿಯೋ ಆಟದ ವಿಚಾರವನ್ನು ಎತ್ತಿಕೊಂಡಿದ್ದೇವೆ. ಈ ವಯಸ್ಸಿನಲ್ಲಿ ಇವರಿಗೇಕೆ ಈ ಗೊಡವೆ ಎಂದು ಯಾರೂ ನಗಬಾರದು. ಕೇಳಿದವರೊಬ್ಬರಿದ್ದರು, ಅವರಿಗೆ ಉತ್ತರ ಕೊಡಬೇಕಾಯಿತು.

ಕಳೆದ ಮಾಸದಲ್ಲಿ ಪರಿಚಿತ ಕುಟುಂಬವೊಂದರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಆ ಮನೆಯ ಹಿರಿಯ ಮಗ ಉದ್ಯೋಗಸ್ಥ, ಒಂಬತ್ತು ವರ್ಷದ ಬಾಲಕನ ತಂದೆ. ಬಾಲಕನು ಊಟದ ಕರೆಗೂ ಓಗೊಡದೆ ಟೆಲಿವಿಷನ್ ಪರದೆಯ ಮುಂದೆ ಕುಳಿತಿದ್ದುದನ್ನು ಕಂಡು ಅಜ್ಜನವರು ಗದರಿದರು. ಆಗ ಆ ತಂದೆ ನಮ್ಮೆಡೆಗೆ ತಿರುಗಿ ಒಂದು ಮಾತು ಹೇಳಿದರು: “ನನಗೂ ಇದೇ ವಯಸ್ಸು ದಾಟಿ ಬಂದ ನೆನಪಿದೆ. ಹದಿನಾರು ವರ್ಷದವನಿದ್ದಾಗ ಒಂದು ಆಟಕ್ಕಾಗಿ ತಿಂಗಳುಗಟ್ಟಲೆ ಕಾದಿದ್ದೆ. ಸೋದರಮಾವ ಹೊರದೇಶದಿಂದ ತಂದುಕೊಟ್ಟರು. ರಜೆಯೆಲ್ಲ ಅದನ್ನೇ ಆಡಿದೆ. ‘ಇದರಿಂದ ನಿನಗೇನು ಬಂತು?’ ಎಂದು ತಂದೆ ಕೇಳಿದರು. ಬೈದದ್ದಕ್ಕೆ ನನಗೆ ನೋವಾಗಲಿಲ್ಲ. ಉತ್ತರ ಹೇಳಲು ನನ್ನಲ್ಲಿ ಏನೂ ಇರಲಿಲ್ಲವಲ್ಲ, ಅದಕ್ಕೆ ನೋವಾಯಿತು. ಈಗ ನನ್ನ ಮಗನಿಗೆ ಯಾವ ಆಟ ಒಳ್ಳೆಯದು, ಯಾವುದು ಕಾಲಹರಣ ಎಂದು ಹೇಗೆ ತಿಳಿಸಲಿ?”

ಪ್ರಶ್ನೆಯು ಸಣ್ಣದಲ್ಲ. ಆ ಹಳೆಯ ಆಟವನ್ನು ತೋರಿಸಲು ಸಾಧ್ಯವೇ ಎಂದು ಕೇಳಿದೆವು. ಅವರು ಅಟ್ಟದ ಮೇಲಿಂದ ಯಂತ್ರವನ್ನು ಇಳಿಸಿ, ಧೂಳು ಒರೆಸಿ, ಎರಡು ಸಂಜೆ ನಮ್ಮ ಮುಂದೆ ಆಡಿ ತೋರಿಸಿದರು. ಆ ಬಳಿಕ ಅದರ ಪೂರ್ವೋತ್ತರವನ್ನು ಕೇಳಿ, ಓದಿ ತಿಳಿದುಕೊಂಡೆವು.

ಆಟದ ಹೆಸರು ‘ಟೂ ಹ್ಯೂಮನ್’. ಮಿತಿಮೀರಿ ಮನುಷ್ಯನೇ ಆಗಿ ಉಳಿದವನು ಎಂದು ಅದರ ತಾತ್ಪರ್ಯ. ಕೆನಡಾ ದೇಶದ ಒಂಟಾರಿಯೋ ಪ್ರಾಂತದ ಸೇಂಟ್ ಕ್ಯಾಥರೀನ್ಸ್ ನಗರದಲ್ಲಿದ್ದ ಸಿಲಿಕಾನ್ ನೈಟ್ಸ್ ಎಂಬ ಸಂಸ್ಥೆ ಇದನ್ನು ರಚಿಸಿತು. ಡೆನಿಸ್ ಡಯಾಕ್ ಎಂಬವರು ಅದರ ಮುಂದಾಳು. 1999ರಲ್ಲಿ ಈ ಆಟವನ್ನು ಸೋನಿಯವರ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಮೊದಲು ಪ್ರಕಟಿಸಲಾಯಿತು. ಅನಂತರ ನಿಂಟೆಂಡೋ ಸಂಸ್ಥೆಯ ಗೇಮ್‌ಕ್ಯೂಬ್ ಯಂತ್ರಕ್ಕೆ ಎಂದಾಯಿತು. 2005ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ 360ಕ್ಕೆ, ಅದೂ ಮೂರು ಭಾಗಗಳ ಮಹಾಕಥೆಯಾಗಿ ಬರುವುದೆಂದು ಸಾರಲಾಯಿತು. ಕಡೆಗೆ ಮೊದಲ ಭಾಗವು ಹೊರಬಂದುದು 2008ರ ಆಗಸ್ಟ್ ತಿಂಗಳಲ್ಲಿ. ಮೊದಲ ಮಾತಿನಿಂದ ಕೊನೆಯ ವಸ್ತುವಿನವರೆಗೆ ಒಂಬತ್ತು ವರ್ಷ. ಈ ಸಂಸ್ಥೆಯು ಅಲ್ಪರದೇನೂ ಅಲ್ಲ. 2002ರಲ್ಲಿ ಅದು ರಚಿಸಿದ ‘ಎಟರ್ನಲ್ ಡಾರ್ಕ್‌ನೆಸ್’ ಎಂಬ ಆಟವನ್ನು ಬಲ್ಲವರು ಇಂದಿಗೂ ಮೆಚ್ಚಿ ನೆನೆಯುತ್ತಾರೆ. ಆದುದರಿಂದಲೇ ನಿರೀಕ್ಷೆಯು ಬೆಟ್ಟದಷ್ಟಿತ್ತು.

ಆಟದ ಕಥಾವಸ್ತುವು ಉತ್ತರ ಯೂರೋಪಿನ ನಾರ್ಸ್ ಜನರ ಪುರಾಣದಿಂದ ಬಂದುದು. ಆ ಪುರಾಣಗಳನ್ನು ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಎಂಬ ವಿದ್ವಾಂಸನು ಸುಮಾರು 1220ರ ಹೊತ್ತಿಗೆ ಗದ್ಯ ಎಡ್ಡಾ ಎಂಬ ಗ್ರಂಥದಲ್ಲಿ ಸಂಗ್ರಹಿಸಿದನು. ಅದರಲ್ಲಿ ಬರುವ ಬಾಲ್ಡರ್ ಎಂಬ ದೇವಕುಮಾರನ ಕಥೆಯನ್ನು ವಾಚಕರು ಇಲ್ಲಿ ಒಂದಿಷ್ಟು ಕೇಳಬೇಕು. ಮುಂದೆ ನಾವು ಹೇಳಲಿರುವುದೆಲ್ಲ ಅದರ ಮೇಲೆ ನಿಂತಿದೆ.

ಬಾಲ್ಡರನು ದೇವತೆಗಳಲ್ಲೆಲ್ಲ ಸುಂದರನು, ಸೌಮ್ಯನು, ಸರ್ವರಿಗೂ ಬೇಕಾದವನು. ಅವನಿಗೆ ತನ್ನ ಸಾವಿನ ಕನಸುಗಳು ಬೀಳತೊಡಗುತ್ತವೆ. ತಾಯಿ ಫ್ರಿಗ್ ಗಾಬರಿಗೊಂಡು ಬೆಂಕಿ, ನೀರು, ಕಬ್ಬಿಣ, ಕಲ್ಲು, ಮರ, ರೋಗ, ಮೃಗ, ಪಕ್ಷಿ, ಸರ್ಪ ಇವೆಲ್ಲವುಗಳಿಂದ, ಮಗನಿಗೆ ಹಾನಿ ಮಾಡುವುದಿಲ್ಲವೆಂಬ ಭಾಷೆಯನ್ನು ಪಡೆಯುತ್ತಾಳೆ. ಒಂದು ಎಳೆಯ ಬಂದಳಿಕೆಯ ಗಿಡ ಮಾತ್ರ ಬಿಟ್ಟುಹೋಗುತ್ತದೆ; ಇಷ್ಟು ಎಳೆಯದರಿಂದ ಭಾಷೆ ತೆಗೆದುಕೊಳ್ಳುವುದೇಕೆಂದು ಆಕೆ ಸುಮ್ಮನಾಗುತ್ತಾಳೆ. ಆಗ ದೇವತೆಗಳು ಒಂದು ಆಟವನ್ನು ಹೂಡುತ್ತಾರೆ. ಬಾಲ್ಡರನನ್ನು ನಡುವೆ ನಿಲ್ಲಿಸಿ ಒಬ್ಬರು ಬಾಣ ಬಿಡುವರು, ಒಬ್ಬರು ಕಲ್ಲು ಬೀರುವರು, ಒಬ್ಬರು ಕತ್ತಿಯಿಂದ ಹೊಡೆಯುವರು. ಏನು ಮಾಡಿದರೂ ಅವನಿಗೆ ನೋವಿಲ್ಲ. ಎಲ್ಲರೂ ನಗುತ್ತಾರೆ. ಕುಹಕಿಯಾದ ಲೋಕಿಯು ಬಂದಳಿಕೆಯ ಕಡ್ಡಿಯೊಂದನ್ನು ತಂದು, ಕುರುಡನಾದ ಹೋಡ್ ಎಂಬ ದೇವನ ಕೈಗೆ ಕೊಟ್ಟು, ಗುರಿ ತೋರಿಸಿ ಎಸೆಯಿಸುತ್ತಾನೆ. ಬಾಲ್ಡರನು ಸತ್ತು ಬೀಳುತ್ತಾನೆ. ಹೆಂಡತಿ ನಾನ್ನಾ ಎದೆಯೊಡೆದು ಸಾಯುತ್ತಾಳೆ. ಹೆರ್ಮೋಡ್ ಎಂಬವನು ಒಂಬತ್ತು ರಾತ್ರಿ ಕುದುರೆ ಓಡಿಸಿ ಮೃತ್ಯುಲೋಕಕ್ಕೆ ಹೋಗಿ ಬೇಡಿದಾಗ, ಲೋಕದ ಸಕಲ ವಸ್ತುಗಳೂ ಅತ್ತರೆ ಅವನನ್ನು ಹಿಂದಕ್ಕೆ ಕಳುಹಿಸುವೆನೆಂದು ಅಲ್ಲಿಯ ಒಡತಿ ಹೆಲ್ ಹೇಳುತ್ತಾಳೆ. ಕಲ್ಲುಗಳೂ ಲೋಹಗಳೂ ಸಹ ಅಳುತ್ತವೆ. ಒಬ್ಬ ರಾಕ್ಷಸಿ ಮಾತ್ರ ಅಳುವುದಿಲ್ಲ. ಬಾಲ್ಡರನು ಬರುವುದಿಲ್ಲ.

ಎಂತಹ ಕಥೆ ನೋಡಿರಿ! ಹೊಡೆತಕ್ಕೆ ಬೆಲೆಯೇ ಇಲ್ಲದ ಆಟವೊಂದು, ಬೆಲೆ ಕಟ್ಟಲಾಗದ ಸಾವಿನಲ್ಲಿ ಮುಗಿಯುತ್ತದೆ.

ಡಯಾಕ್ ಮತ್ತು ಅವರ ಸಂಗಡಿಗರು ಈ ಪುರಾಣವನ್ನು ವಿಜ್ಞಾನಕಥೆಯಾಗಿ ಮಾರ್ಪಡಿಸಿದರು. ಯಂತ್ರಗಳೊಡನೆ ನಡೆದ ಮಹಾಯುದ್ಧದಿಂದ ಭೂಮಿಯು ಹಿಮಗಟ್ಟಿದೆ. ದೇವತೆಗಳೆನಿಸಿಕೊಂಡವರು ವಾಸ್ತವವಾಗಿ ಮನುಷ್ಯರೇ. ದೇಹದಲ್ಲಿ ಯಂತ್ರಾಂಗಗಳನ್ನು ಜೋಡಿಸಿಕೊಂಡು ಬಲಶಾಲಿಗಳಾದವರು. ಅವರಲ್ಲಿ ಬಾಲ್ಡರನ ಮೈಯಲ್ಲಿ ಮಾತ್ರ ಯಂತ್ರದ ಅಂಶ ಕಡಮೆ. ಆದುದರಿಂದ ಉಳಿದವರು ಅವನನ್ನು ‘ಮಿತಿಮೀರಿದ ಮನುಷ್ಯ’ನೆಂದು ಹೀಯಾಳಿಸುತ್ತಾರೆ. ಆಡುವವನ ಮುಂದೆಯೂ ಒಂದು ಆಯ್ಕೆ ಬರುತ್ತದೆ: ಮನುಷ್ಯನಾಗಿಯೇ ಉಳಿಯುವೆಯೋ, ಯಂತ್ರವನ್ನು ಮೈಗೂಡಿಸಿಕೊಳ್ಳುವೆಯೋ? ಇಂತಹ ಪ್ರಶ್ನೆಯನ್ನು ಎತ್ತಿಕೊಂಡ ಆಟವನ್ನು ತುಚ್ಛವೆಂದು ನಾವು ಹೇಳಲಾರೆವು. ವಸ್ತು ಉದಾತ್ತವಾದುದು. ನಡುನಡುವೆ ಬಾಲ್ಡರನು ‘ಸೈಬರ್‌ಸ್ಪೇಸ್’ ಎಂಬ ಮನೋಲೋಕಕ್ಕೆ ಪ್ರವೇಶಿಸುತ್ತಾನೆ. ಹೊರಗೆ ಹಿಮ, ಕಲ್ಲು, ಕಬ್ಬಿಣ, ಅಲ್ಲಿ ಮಾತ್ರ ಹಸುರು ಕಾಡು, ಹರಿಯುವ ನೀರು. ಅಲ್ಲಿ ಒಂದು ತಡೆಯನ್ನು ತೆಗೆದರೆ ಹೊರಗೆ ಒಂದು ಬಾಗಿಲು ತೆರೆಯುತ್ತದೆ. ಆ ದೃಶ್ಯವನ್ನು ಕಂಡಾಗ ನಮ್ಮ ಮನಸ್ಸಿಗೂ ಹಿತವೆನಿಸಿತು.

ಆದರೆ ಆ ಬಾಗಿಲಿನಾಚೆ ಕಾದಿರುವುದು ಕಾದಾಟ. ಆಟದ ಬಹುಪಾಲು ಅದೇ.

ಇಲ್ಲಿ ಕತ್ತಿ ಬೀಸಲು ಗುಂಡಿಯನ್ನು ಒತ್ತಬೇಕಾಗಿಲ್ಲ. ಕೈಯಲ್ಲಿ ಹಿಡಿಯುವ ಸಾಧನದ ಬಲಗಡೆಯ ಪುಟ್ಟ ಕಡ್ಡಿಯನ್ನು ವೈರಿಯಿರುವ ದಿಕ್ಕಿಗೆ ತಳ್ಳಿದರೆ ಸಾಕು, ಬಾಲ್ಡರನು ತಾನಾಗಿಯೇ ಜಾರಿಕೊಂಡು ಹೋಗಿ ಹೊಡೆಯುತ್ತಾನೆ. ಸಾಮಾನ್ಯವಾಗಿ ಇಂತಹ ಆಟಗಳಲ್ಲಿ ಆ ಕಡ್ಡಿಯಿಂದ ನೋಟವನ್ನು ತಿರುಗಿಸುವ ರೂಢಿ. ಇಲ್ಲಿ ಅದು ಕತ್ತಿಯ ಪಾಲಾದುದರಿಂದ ನೋಟವನ್ನು ಯಂತ್ರವೇ ತನಗೆ ತೋಚಿದಂತೆ ತಿರುಗಿಸುತ್ತದೆ. ಬೆನ್ನ ಹಿಂದೆ ಯಾರಿದ್ದಾರೆಂದು ಆಡುವವನು ತಿರುಗಿ ನೋಡುವಂತಿಲ್ಲ. ಯಂತ್ರಪಿಶಾಚಿಗಳು ಹಿಂಡುಹಿಂಡಾಗಿ ಬರುತ್ತವೆ. ಕಡ್ಡಿಯನ್ನು ಎಡಕ್ಕೆ ತಳ್ಳು, ಬಲಕ್ಕೆ ತಳ್ಳು, ಮತ್ತೆ ಎಡಕ್ಕೆ. ಹಿಂಡು ಬಿದ್ದಿತು. ಬಾಗಿಲು ದಾಟಿದೊಡನೆ ಅದೇ ಬಗೆಯ ಇನ್ನೊಂದು ಹಿಂಡು. ಇಡೀ ಆಟದಲ್ಲಿರುವುದು ನಾಲ್ಕು ಪ್ರದೇಶಗಳು. ನಾಲ್ಕರಲ್ಲಿಯೂ ಇದೇ ಕ್ರಮ. ಮೊದಲ ಗಳಿಗೆಯಲ್ಲಿ ಕಣ್ಣಿಗೆ ಸೊಗಸು, ಎರಡನೆಯ ಗಳಿಗೆಯಲ್ಲಿ ಕೈಗೆ ರೂಢಿ, ಮೂರನೆಯ ಗಳಿಗೆಯಲ್ಲಿ ಮನಸ್ಸಿಗೆ ಜಡತೆ. ಪ್ರಕಟವಾದಾಗ ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿಯು ನೂರಕ್ಕೆ 65ರ ಆಸುಪಾಸಿನಲ್ಲಿ ನಿಂತಿತು. ಬಹು ಮಂದಿಯ ದೂರು ಒಂದೇ: ಹೊಡೆದುದನ್ನೇ ಹೊಡೆಯುವುದು.

ಇಲ್ಲಿ ನಾವು ಸ್ವಲ್ಪ ನಿಂತು ವಿಚಾರ ಮಾಡಬೇಕು. ಮಾಡಿದುದನ್ನೇ ಮಾಡುವುದು ದೋಷವೇ? ಗರಡಿಯ ಮನೆಯಲ್ಲಿ ಪೈಲ್ವಾನನು ದಿನಕ್ಕೆ ನೂರು ದಂಡ ಹೊಡೆಯುತ್ತಾನೆ. ನೂರೂ ಒಂದೇ ಬಗೆ. ಮಗ್ಗದಲ್ಲಿ ಲಾಳಿಯು ದಿನವಿಡೀ ಎಡಕ್ಕೂ ಬಲಕ್ಕೂ ಓಡುತ್ತದೆ. ಓಟ ಒಂದೇ ಬಗೆ. ಸಂಗೀತ ಕಲಿಯುವ ಮಗು ಸರಳೆಯನ್ನು ಸಾವಿರ ಸಲ ಹಾಡುತ್ತದೆ. ಇವನ್ನು ಯಾರೂ ನಿಂದಿಸುವುದಿಲ್ಲ. ಏಕೆಂದರೆ ದಂಡದಿಂದ ತೋಳು ಬಲಿಯುತ್ತದೆ, ಲಾಳಿಯಿಂದ ಬಟ್ಟೆ ಬೆಳೆಯುತ್ತದೆ, ಸರಳೆಯಿಂದ ಕಂಠ ಹದಗೊಳ್ಳುತ್ತದೆ. ಕ್ರಿಯೆ ಅದೇ ಆಗಿದ್ದರೂ ಕರ್ತೃ ಅದೇ ಆಗಿ ಉಳಿಯುವುದಿಲ್ಲ.

ವಿಡಿಯೋ ಆಟಗಳಲ್ಲಿಯೂ ಇದಕ್ಕೆ ದೃಷ್ಟಾಂತವಿದೆ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ಎಂಬವರು ಟೈಟೊ ಸಂಸ್ಥೆಗಾಗಿ ‘ಸ್ಪೇಸ್ ಇನ್‌ವೇಡರ್ಸ್’ ಎಂಬ ಆಟವನ್ನು ರಚಿಸಿದರು. ಅದರಲ್ಲಿ ಮಾಡಬೇಕಾದುದು ಎಡಬಲಕ್ಕೆ ಸರಿದು ಗುಂಡು ಹಾರಿಸುವುದು ಮಾತ್ರ. ಆದರೆ ಮೇಲಿನ ವೈರಿಗಳ ಸಂಖ್ಯೆ ಇಳಿದಂತೆಲ್ಲ ಉಳಿದವರ ವೇಗ ಏರುತ್ತದೆ. ಮೊದಲು ಇದು ಉದ್ದೇಶಪಟ್ಟು ಮಾಡಿದುದಲ್ಲವಂತೆ. ಚಿತ್ರಿಸಬೇಕಾದ ಆಕೃತಿಗಳು ಕಡಮೆಯಾದಾಗ ಅಂದಿನ ಯಂತ್ರವು ತಾನಾಗಿ ಬೇಗ ಓಡುತ್ತಿತ್ತು. ನಿಶಿಕಾಡೊ ಅವರು ಅದರ ಬೆಲೆಯನ್ನರಿತು ಹಾಗೆಯೇ ಉಳಿಸಿಕೊಂಡರು. ಪರಿಣಾಮವೇನು? ಗೆಲುವು ಹತ್ತಿರವಾದಂತೆ ಎಚ್ಚರವೂ ಹೆಚ್ಚಬೇಕು. ಒಂದೇ ಕ್ರಿಯೆ, ಆದರೆ ಪ್ರತಿ ಸಲವೂ ಹೊಸ ಅವಧಾನ.

‘ಟೂ ಹ್ಯೂಮನ್’ ಆಟದಲ್ಲಿ ಇದಕ್ಕೆ ವ್ಯತಿರಿಕ್ತ. ವೈರಿಗಳನ್ನು ಕೊಂದಂತೆಲ್ಲ ಹೊಸ ಕತ್ತಿ, ಹೊಸ ಕವಚಗಳು ರಾಶಿರಾಶಿಯಾಗಿ ದೊರೆಯುತ್ತವೆ. ನಾಯಕನ ಮಟ್ಟವು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಏರುತ್ತ ಹೋಗುತ್ತದೆ. ಆದರೆ ಅವನ ಮಟ್ಟ ಏರಿದಂತೆ ವೈರಿಗಳ ಮಟ್ಟವೂ ಏರುವಂತೆ ಆಟವನ್ನು ಹೆಣೆದಿದ್ದಾರೆ. ಹತ್ತು ಸೇರು ಹೊರುವವನ ತೋಳು ಇಪ್ಪತ್ತು ಸೇರು ಹೊರುವಂತಾದಾಗ ಗುಂಡಿನ ತೂಕವನ್ನೂ ಗುಟ್ಟಾಗಿ ಇಮ್ಮಡಿಗೊಳಿಸಿದರೆ ಅವನಿಗೆ ತಾನು ಬಲಿತೆನೆಂಬ ಅರಿವು ಬರುವುದಾದರೂ ಎಂತು? ಅಂಕಿಗಳು ಏರುತ್ತವೆ, ಬಣ್ಣ ಬದಲಾಗುತ್ತದೆ, ಕೈ ಮಾತ್ರ ಅದೇ ಕಡ್ಡಿಯನ್ನು ಅದೇ ರೀತಿ ತಳ್ಳುತ್ತಿರುತ್ತದೆ. ಗಾಣದ ಎತ್ತು ಸುತ್ತುವುದು ದೋಷವಲ್ಲ. ಎಳ್ಳು ಹಾಕದೆ ಸುತ್ತಿಸುವುದು ದೋಷ.

ಇದಕ್ಕಿಂತ ಗಂಭೀರವಾದುದು ಸಾವಿನ ಸಂಗತಿ. ಈ ಆಟದಲ್ಲಿ ಬಾಲ್ಡರನು ಪದೇ ಪದೇ ಸಾಯುತ್ತಾನೆ. ಸತ್ತೊಡನೆ ಆಕಾಶದಿಂದ ವಾಲ್ಕಿರಿ ಎಂಬ ದೇವಕನ್ಯೆ ಮೆಲ್ಲಮೆಲ್ಲನೆ ಇಳಿದು, ಅವನ ದೇಹವನ್ನೆತ್ತಿಕೊಂಡು ಮೇಲೇರುತ್ತಾಳೆ. ಈ ದೃಶ್ಯವನ್ನು ದಾಟಿಸಿ ಮುಂದುವರಿಯುವ ಉಪಾಯವಿಲ್ಲ. ಪ್ರತಿ ಸಲವೂ ಪೂರ್ತಿ ನೋಡಲೇಬೇಕು. ಅನಂತರ ಅವನು ಬಿದ್ದ ಸ್ಥಳದ ಸಮೀಪದಲ್ಲಿಯೇ ಮತ್ತೆ ಎದ್ದು ನಿಲ್ಲುತ್ತಾನೆ. ಅವನು ಅದುವರೆಗೆ ಕೆಡವಿದ ವೈರಿಗಳು ಕೆಡವಿದಂತೆಯೇ ಇರುತ್ತಾರೆ. ಆಯುಧ ಒಂದಿಷ್ಟು ಸವೆದಿರಬಹುದು, ಅಷ್ಟೆ. ಮೊದಲ ಸಲ ಆ ದೇವಕನ್ಯೆ ಇಳಿದಾಗ ನಮಗೆ ಗಂಭೀರವೆನಿಸಿತು. ಐದನೆಯ ಸಲ ಆ ಗೃಹಸ್ಥರು ಸಾಧನವನ್ನು ನೆಲದ ಮೇಲಿಟ್ಟು ನೀರು ಕುಡಿದು ಬಂದರು. ಹತ್ತನೆಯ ಸಲಕ್ಕೆ ಬಾಲಕನು ನಕ್ಕನು.

ಆ ನಗೆಯನ್ನು ಕೇಳಿ ನಮಗೆ ಪುರಾಣದ ದೇವತೆಗಳ ನಗೆ ನೆನಪಾಯಿತು. ಬಾಲ್ಡರನ ಮೇಲೆ ಬಾಣ ಬಿಟ್ಟು ನಗುತ್ತಿದ್ದವರು ಅವರು. ಕಲ್ಲೂ ಲೋಹವೂ ಅತ್ತರೂ ಹಿಂದಿರುಗಿ ಬಾರದವನೇ ಬಾಲ್ಡರ್. ಆ ಪುರಾಣದ ಜೀವವೇ ಅದು. ಅವನನ್ನೇ ತಂದು, ಗಳಿಗೆಗೊಮ್ಮೆ ಸಾಯಿಸಿ, ಗಳಿಗೆಗೊಮ್ಮೆ ಎಬ್ಬಿಸಿ ನಿಲ್ಲಿಸಿದ ಮೇಲೆ ಕಥೆಯಲ್ಲಿ ಉಳಿದುದೇನು? ಮನುಷ್ಯತ್ವದ ಪ್ರಶ್ನೆಯನ್ನು ಬಾಯಿಂದ ಎತ್ತಿದ ಆಟವು ಕೈಯಿಂದ ಅದನ್ನು ಅಳಿಸಿಹಾಕಿತು. ಮನುಷ್ಯನ ಬಾಳಿಗೆ ಬೆಲೆ ಬಂದಿರುವುದು ಅದು ಒಮ್ಮೆ ಮಾತ್ರ ದೊರೆಯುವುದರಿಂದ. ಸಾವಿಗೆ ಬೆಲೆಯಿಲ್ಲದ ಕಡೆ ಶೌರ್ಯಕ್ಕೂ ಬೆಲೆಯಿಲ್ಲ. ಆಟದಲ್ಲಿ ಸತ್ತವನು ಏಳಬಾರದೆಂದು ನಾವು ಹೇಳುತ್ತಿಲ್ಲ. ಏಳಲಿ, ಆದರೆ ಬಿದ್ದುದರಿಂದ ಏನನ್ನಾದರೂ ಕಲಿತು ಏಳಲಿ. ಚದುರಂಗದಲ್ಲಿ ಸೋತವನು ಮತ್ತೆ ಕಾಯಿಗಳನ್ನು ಜೋಡಿಸುವಾಗ, ಹಿಂದಿನ ಆಟದಲ್ಲಿ ಆನೆಯನ್ನು ಕಳೆದುಕೊಂಡ ಬಗೆಯನ್ನು ನೆನೆಯುತ್ತಾನೆ. ಇಲ್ಲಿ ನೆನೆಯಬೇಕಾದುದೇ ಇಲ್ಲ.

ಈ ಆಟವನ್ನು ಕಟ್ಟಿದವರ ಮುಂದಿನ ವೃತ್ತಾಂತವೂ ವಿಷಾದಕರ. ಆಟದ ತಳಹದಿಗಾಗಿ ಅವರು ಅಮೆರಿಕದ ಎಪಿಕ್ ಗೇಮ್ಸ್ ಸಂಸ್ಥೆಯ ‘ಅನ್‌ರಿಯಲ್ ಎಂಜಿನ್ 3’ ಎಂಬ ತಂತ್ರಾಂಶವನ್ನು ಪಡೆದಿದ್ದರು. ಅದು ಹೇಳಿದ ಸಮಯಕ್ಕೆ, ಹೇಳಿದ ರೀತಿಯಲ್ಲಿ ದೊರೆಯಲಿಲ್ಲವೆಂದು ಆರೋಪಿಸಿ 2007ರಲ್ಲಿ ನ್ಯಾಯಾಲಯಕ್ಕೆ ಹೋದರು. ಎಪಿಕ್ ಸಂಸ್ಥೆಯು ತನ್ನ ತಂತ್ರಾಂಶವನ್ನು ಅಕ್ರಮವಾಗಿ ನಕಲು ಮಾಡಿದ್ದಾರೆಂದು ಪ್ರತಿದಾವೆ ಹೂಡಿತು. 2012ರ ಮೇ ತಿಂಗಳಲ್ಲಿ ಪಂಚರ ತೀರ್ಮಾನವು ಎಪಿಕ್ ಪರವಾಗಿ ಬಂದಿತು, 44.5 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದಾಯಿತು. ಅದೇ ವರ್ಷದ ನವೆಂಬರಿನಲ್ಲಿ ನ್ಯಾಯಾಧೀಶರು, ಮಾರಾಟವಾಗದೆ ಉಳಿದ ಆಟದ ಪ್ರತಿಗಳನ್ನೆಲ್ಲ ನಾಶಪಡಿಸಬೇಕೆಂದು ಆಜ್ಞೆ ಮಾಡಿದರು. 2014ರಲ್ಲಿ ಸಂಸ್ಥೆಯೇ ದಿವಾಳಿಯಾಯಿತು. ಎರಡನೆಯ ಭಾಗವೂ ಬರಲಿಲ್ಲ, ಮೂರನೆಯದೂ ಬರಲಿಲ್ಲ. ಕಥೆಯು ಮುಂದಿನ ಭಾಗದ ಹೊಸ್ತಿಲಲ್ಲಿ ನಿಂತು ಮುಗಿದುಹೋಯಿತು. 2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯವರು ಇದನ್ನು ಬೆಲೆಯಿಲ್ಲದೆ ಹಂಚಿದಾಗ, ಒಂದು ಕಾಲದಲ್ಲಿ ಜನರು ವರ್ಷಗಟ್ಟಲೆ ಕಾದಿದ್ದ ವಸ್ತುವು ಯಾರು ಬೇಕಾದರೂ ಎತ್ತಿಕೊಳ್ಳಬಹುದಾದುದಾಯಿತು.

ಒಂಬತ್ತು ವರ್ಷದ ಶ್ರಮ, ಉನ್ನತವಾದ ವಸ್ತು, ನುರಿತ ಕುಶಲಿಗಳು, ಅಪಾರ ಧನ ಎಲ್ಲವೂ ಇದ್ದವು. ಆಡುವವನ ಕೈಗೆ ಬಂದ ಕೆಲಸದಲ್ಲಿ ಮಾತ್ರ ಸತ್ವವಿರಲಿಲ್ಲ. ಮದುವೆಯ ಚಪ್ಪರಕ್ಕೆ ಚಿನ್ನದ ತೋರಣ ಕಟ್ಟಿ ಒಲೆಯ ಮೇಲೆ ಬರಿಯ ನೀರು ಕುದಿಸಿದರೆ ಬಂದವರ ಹಸಿವು ಹಿಂಗುವುದಿಲ್ಲ. ಇದನ್ನು ಹೇಳುವಾಗ ಆ ಕುಶಲಿಗಳ ಬಗೆಗೆ ನಮಗೆ ಅನಾದರವಿಲ್ಲ. ಸಣ್ಣ ಗುರಿಯಿಟ್ಟು ಗೆದ್ದವರಿಗಿಂತ ದೊಡ್ಡ ಗುರಿಯಿಟ್ಟು ಸೋತವರಿಂದ ಕಲಿಯಬೇಕಾದುದು ಹೆಚ್ಚು. ಇಂದಿಗೂ ಈ ಆಟವನ್ನು ಪ್ರೀತಿಸುವ ಕೆಲವರಿದ್ದಾರೆ. ಅವರ ಪ್ರೀತಿಯು ಅದು ಆಗಬಹುದಾಗಿದ್ದ ಕೃತಿಯ ಮೇಲಿನದು ಎಂದು ನಮಗೆ ತೋರುತ್ತದೆ.

ಇನ್ನು ಆ ಗೃಹಸ್ಥರ ಪ್ರಶ್ನೆಗೆ ಬರೋಣ. ತಂದೆತಾಯಂದಿರು ಮಕ್ಕಳನ್ನು ಸಾಮಾನ್ಯವಾಗಿ ಕೇಳುವುದು, “ಎಷ್ಟು ಹೊತ್ತು ಆಡಿದೆ?” ಎಂದು. ಕೇಳಬೇಕಾದುದೇ, ಕಣ್ಣಿಗೂ ನಿದ್ದೆಗೂ ಮಿತಿ ಬೇಕು. ಆದರೆ ಅಷ್ಟೇ ಸಾಲದು. ಮಗುವಿನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ನೋಡಿ, “ನಿನ್ನೆ ನಿನ್ನಿಂದ ಆಗದಿದ್ದುದು ಇಂದು ಏನಾಯಿತು? ನೀನು ಸೋತೆಯಲ್ಲ, ಏಕೆ ಸೋತೆ?” ಎಂದು ಕೇಳಬೇಕು. ಒಳ್ಳೆಯ ಆಟವಾದರೆ ಮಗುವಿಗೆ ಹೇಳಲು ನೂರು ಮಾತಿರುತ್ತವೆ. ಎಲ್ಲಿ ಎಡವಿದೆ, ಹೇಗೆ ಉಪಾಯ ಹೂಡಿದೆ, ಯಾರು ಜೊತೆಗೂಡಿದರು ಎಂದು ಕೈಬಾಯಿ ತಿರುಗಿಸಿ ಹೇಳುತ್ತದೆ. ಎಳ್ಳಿಲ್ಲದ ಗಾಣವಾದರೆ ಮಗು ಹೆಗಲು ಕುಣಿಸಿ ಸುಮ್ಮನಾಗುತ್ತದೆ. ಆಗ ಗದರುವುದು ಬೇಡ. ಆ ಮೌನವನ್ನು ಮಗುವೇ ಗಮನಿಸುವಂತೆ ಮಾಡಿದರೆ ಸಾಕು.

ಆಟದಲ್ಲಿ ಕಾದಾಟವಿದೆಯೆಂಬ ಒಂದೇ ಕಾರಣಕ್ಕೆ ಅದನ್ನು ಕೆಟ್ಟದೆನ್ನುವುದೂ ಸರಿಯಲ್ಲ. ಬಯಲಾಟದಲ್ಲಿ ರಾತ್ರಿಯೆಲ್ಲ ಯುದ್ಧ ನಡೆಯುತ್ತದೆ, ನಾವೆಲ್ಲ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ನೋಡಿದವರೇ. ಕರ್ಣನು ಬೀಳುವಾಗ ಆ ಮಕ್ಕಳು ನಗುವುದಿಲ್ಲ. ಯುದ್ಧವಿದೆಯೋ ಇಲ್ಲವೋ ಎಂಬುದಕ್ಕಿಂತ, ಬಿದ್ದವನಿಗಾಗಿ ಒಂದು ಕ್ಷಣ ಎದೆ ಮಿಡಿಯುವುದೋ ಇಲ್ಲವೋ ಎಂಬುದನ್ನು ನೋಡಬೇಕು.

ಎರಡನೆಯ ಸಂಜೆ ಆಟ ನಿಲ್ಲಿಸಿದ ಮೇಲೆ ನಾವು ಆ ಬಾಲಕನಿಗೆ ಬಾಲ್ಡರನ ಮೂಲಕಥೆಯನ್ನು ಹೇಳಿದೆವು. ತಾಯಿ ಭಾಷೆ ಪಡೆದದ್ದು, ಬಂದಳಿಕೆ ಬಿಟ್ಟುಹೋದದ್ದು, ಕಲ್ಲುಗಳು ಅತ್ತದ್ದು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದನು: “ಆ ಒಬ್ಬಳು ಯಾಕೆ ಅಳಲಿಲ್ಲ?” ಅವನ ತಂದೆ ನಮ್ಮ ಮುಖ ನೋಡಿದರು. ಅವರಿಗೆ ಬೇಕಾಗಿದ್ದ ಉತ್ತರವು ಆ ಪ್ರಶ್ನೆಯಲ್ಲಿಯೇ ಇತ್ತು. ಅಳದಿದ್ದವಳು ವೇಷ ಮರೆಸಿದ ಲೋಕಿಯೇ ಇರಬೇಕೆಂದು ಆ ಗ್ರಂಥವು ಸೂಚಿಸುತ್ತದೆ. ನಾವು ಅದನ್ನು ಕೂಡಲೆ ಹೇಳಲಿಲ್ಲ. ಪ್ರಶ್ನೆಯು ಅವನ ಬಳಿ ಒಂದು ರಾತ್ರಿಯಾದರೂ ಇರಲೆಂದು ಬಿಟ್ಟುಬಂದೆವು.